ಕಣ್ಣಿಲ್ಲದ ಬಂಗಡೆ

ಜನವರಿ ತಿಂಗಳ ಒಂದು ಶನಿವಾರ, ಮಧ್ಯಾಹ್ನ ಮೂರು ಗಂಟೆ. ಬಾಡ ಎಂಬ ಊರಿನ ಬದಿಯ ಕಡಲ ದಂಡೆಯಲ್ಲಿರುವ ನಮ್ಮ ಶಾಲೆಯ ಬಯಲು. ಹಾಜರಿದ್ದವರು: ಡ್ರೋನ್ ತಂಡದ ಮುಖ್ಯಸ್ಥೆ, ಅವಳ ಇಬ್ಬರು ಜೊತೆಗಾರರು, ಶಾಲೆಯ ಜವಾನ ಮತ್ತು ನಾನು.

ನಾನು ಇದೇ ಶಾಲೆಯಲ್ಲಿ ಕವಾಯತು ಕಲಿಸಿ ನಿವೃತ್ತನಾದವನು. ಬೆಳಿಗ್ಗೆ ಐದೂವರೆಗೆ ಬಯಲಿನ ಗೇಟು ತೆಗೆಯುವ ಅಭ್ಯಾಸವನ್ನು ಇನ್ನೂ ಬಿಟ್ಟಿಲ್ಲ. ಮನೆ ಗೋಡೆಯಾಚೆಗೇ ಇರುವುದರಿಂದ ಶಾಲೆಯವರೂ ಬೀಗದ ಕೈ ವಾಪಸು ಕೇಳಿಲ್ಲ. ತಾಲೂಕಿನ ಉತ್ಸವಕ್ಕೆ ಆಕಾಶದಲ್ಲಿ ದೀಪದ ಚಿತ್ರ ಬರೆಯುವವರು ಬರುತ್ತಾರೆ, ಅವರಿಗೆ ಬಯಲು ಬೇಕು ಎಂದಾಗ ಗೇಟು ತೆಗೆಯುವ ಕೆಲಸ ಸಹಜವಾಗಿ ನನ್ನ ಪಾಲಿಗೆ ಬಂತು.

ನಾನು ಒಪ್ಪಿದ್ದಕ್ಕೆ ಇನ್ನೊಂದು ಕಾರಣವಿತ್ತು. ಗಣರಾಜ್ಯೋತ್ಸವಕ್ಕೆ ಪ್ರತಿ ವರ್ಷ ಈ ಬಯಲಿನಲ್ಲಿ ನಾನು ಮಕ್ಕಳಿಂದ ಸಾಮೂಹಿಕ ಕವಾಯತು ಮಾಡಿಸುತ್ತಿದ್ದೆ. ನೆಲದ ಮೇಲೆ ಸುಣ್ಣದ ಚುಕ್ಕಿ, ಚುಕ್ಕಿಗೊಂದು ಮಗು. ಸೀಟಿ ಊದಿದರೆ ಸಾಲುಗಳು ಒಡೆದು ದಾಸವಾಳ, ಮತ್ತೊಮ್ಮೆ ಊದಿದರೆ ದಾಸವಾಳ ಒಡೆದು ದೋಣಿ. ಆದರೆ ನೆಲದಲ್ಲಿ ನಿಂತವನಿಗೆ ದಾಸವಾಳವೂ ಕಾಣುವುದಿಲ್ಲ, ದೋಣಿಯೂ ಕಾಣುವುದಿಲ್ಲ. ಬೆವೆತ ಕುತ್ತಿಗೆಗಳು, ಬಿಳಿ ಅಂಗಿಗಳು, ಅಷ್ಟೇ. ಚಿತ್ರವನ್ನು ನೋಡುತ್ತಿದ್ದವಳು ನನ್ನ ಹೆಂಡತಿ. ಅವಳು ಅದೇ ಶಾಲೆಯಲ್ಲಿ ಹಿಂದಿ ಕಲಿಸುತ್ತಿದ್ದಳು, ಮಕ್ಕಳಿಗೆಲ್ಲ ಅಕ್ಕೋರು. ತಾಲೀಮಿನ ಹೊತ್ತಿಗೆ ಶಾಲೆಯ ತಾರಸಿ ಹತ್ತಿ, ನೀರಿನ ಟಾಕಿಯ ಪಕ್ಕ ನಿಂತು, ಯಾವ ಕಡೆ ಸಾಲು ಬಾಗಿದೆಯೋ ಆ ಕಡೆಗೆ ಕೆಂಪು ಟವೆಲ್ಲು ಬೀಸುತ್ತಿದ್ದಳು.

ಸಂಜೆ ಮನೆಯಲ್ಲಿ ಚಹಾ ಮುಂದಿಟ್ಟುಕೊಂಡು ನಾನು ಕೇಳುತ್ತಿದ್ದೆ: "ಹೇಗೆ ಕಂಡಿತು?"

ಅವಳ ಉತ್ತರಕ್ಕೆ ಒಂದು ಕ್ರಮವಿತ್ತು. ಮೊದಲು ತಪ್ಪು, ಆಮೇಲೆ ಒಂದು ಒಳ್ಳೆಯ ಮಾತು. "ಎಡಗಡೆ ಎಸಳು ಮುದುಡಿತ್ತು. ಆದ್ರೆ ಹೂವು ಬಿಚ್ಕೊಂಡ ಹೊತ್ತಿಗೆ ಗಾಳಿಮರದಲ್ಲಿದ್ದ ಬೆಳ್ಳಕ್ಕಿ ಎಲ್ಲಾ ಒಟ್ಟಿಗೆ ಎದ್ವು. ನೀವು ನೋಡ್ಲೇ ಇಲ್ಲ, ಸೀಟಿ ಊದ್ತಾ ಇದ್ರಿ."

ಅವಳು ಹೋಗಿ ಇದು ಎರಡನೇ ಚಳಿಗಾಲ. ನನ್ನ ಕವಾಯತುಗಳೆಲ್ಲ ಅವಳ ಬಾಯಲ್ಲಿ ಕೇಳಿದವೇ ಹೊರತು ನಾನು ಕಂಡವಲ್ಲ. ಈ ಸಲವಾದರೂ ಆ ಟಾಕಿಯ ಪಕ್ಕ ನಿಂತು, ಬಯಲಿನ ಮೇಲೆ ಮೂಡುವ ಒಂದು ಚಿತ್ರವನ್ನು ಅವಳು ನೋಡಿದಂತೆ ನೋಡಬೇಕು ಎಂಬ ಆಸೆಯಿತ್ತು. ಬೆಳಿಗ್ಗೆಯೇ ತಾರಸಿಯನ್ನು ಗುಡಿಸಿಟ್ಟಿದ್ದೆ.

ಮುಖ್ಯಸ್ಥೆ ಮಾವಳ್ಳಿಯ ಕಡೆಯವಳು, ಮೂವತ್ತರ ಆಸುಪಾಸು. ಮಾತು ಕಡಿಮೆ, ನಡಿಗೆ ಚುರುಕು. ಬಯಲಿನ ಉದ್ದಕ್ಕೂ ಹಗ್ಗ ಹಿಡಿದು ಡ್ರೋನುಗಳನ್ನು ಸಾಲಾಗಿ ಇಡಿಸುತ್ತಿದ್ದಳು. ಒಂದೊಂದಕ್ಕೂ ಒಂದು ಸಂಖ್ಯೆ, ಒಂದೊಂದಕ್ಕೂ ತನ್ನದೇ ಜಾಗ, ಪಕ್ಕದ್ದಕ್ಕೂ ಇದಕ್ಕೂ ನಡುವೆ ಒಂದು ಮಾರು. ನನಗೆ ಸುಣ್ಣದ ಚುಕ್ಕಿಗಳೇ ನೆನಪಾದವು.

"ಮೇಲೆ ಹೋದ ಮೇಲೆ ಇವು ಒಂದಕ್ಕೊಂದು ಬಡಿದುಕೊಳ್ಳುವುದಿಲ್ಲವಾ ತಂಗಿ? ಒಂದನ್ನೊಂದು ನೋಡ್ತಾವಾ?" ಎಂದೆ.

"ಇಲ್ಲ ಮಾಸ್ತರೇ. ಪಕ್ಕದಲ್ಲಿ ಯಾರಿದ್ದಾರೆ ಅಂತ ಇವಕ್ಕೆ ಗೊತ್ತೇ ಇಲ್ಲ."

"ಮತ್ತೆ ಎಂತ ಗೊತ್ತು?"

"ತನ್ನ ದಾರಿ, ತನ್ನ ಹೊತ್ತು. ಇಂಥ ಸೆಕೆಂಡಿಗೆ ಇಲ್ಲಿ, ಇಂಥ ಸೆಕೆಂಡಿಗೆ ಅಲ್ಲಿ. ಪೂರಾ ಆಟ ಮೊದಲೇ ಹೊಟ್ಟೆಯಲ್ಲಿ ತುಂಬಿಸಿರ್ತೇವೆ. ಕಂಪ್ಯೂಟರಿನಲ್ಲಿ ಪ್ರತಿ ಕ್ಷಣಕ್ಕೂ ಪ್ರತಿ ಜೋಡಿಯ ನಡುವೆ ಎಷ್ಟು ಅಂತರ ಅಂತ ನೋಡಿ, ಎಲ್ಲಿ ಹತ್ತಿರ ಬಂತೋ ಅಲ್ಲಿ ದಾರಿ ತಿದ್ದಿರ್ತೇವೆ. ಬಡಿದಾಟ ಎಲ್ಲಾ ಅಲ್ಲೇ ಮುಗಿದಿರ್ತದೆ."

ನನಗೆ ನಗು ಬಂತು. ಮಕ್ಕಳಿಗೆ ನಾನು ಹೇಳುತ್ತಿದ್ದದ್ದೂ ಇದೇ: ಪಕ್ಕದವನ ಮುಖ ನೋಡಬೇಡ, ಎಣಿಕೆ ಕೇಳು. ಒಬ್ಬ ಪಕ್ಕಕ್ಕೆ ನೋಡಿದರೆ ಸಾಕು, ಅವನ ಹಿಂದಿನ ಸಾಲೆಲ್ಲ ಬಾಗುತ್ತದೆ.

ಬಯಲಿನ ಮೂಲೆಯಲ್ಲಿ ಮೂರು ಕಾಲಿನ ಕೋಲಿನ ಮೇಲೆ ಬಿಳಿ ತಟ್ಟೆಯಂಥದ್ದೊಂದು ಕೂತಿತ್ತು. ಡ್ರೋನುಗಳು ಉಪಗ್ರಹದ ಸಂಕೇತದಿಂದ ತಮ್ಮ ಜಾಗ ತಿಳಿಯುತ್ತವಂತೆ. ಆ ಸಂಕೇತ ಒಮ್ಮೊಮ್ಮೆ ಒಂದೆರಡು ಮಾರು ತಪ್ಪುತ್ತದೆ. ತಟ್ಟೆ ಕದಲದೆ ಒಂದೇ ಕಡೆ ಕೂತಿರುವುದರಿಂದ ಅದಕ್ಕೆ ತನ್ನ ಜಾಗ ಖಚಿತ. ಈ ಹೊತ್ತಿಗೆ ಎಷ್ಟು ತಪ್ಪು ಬರುತ್ತಿದೆ ಎಂದು ಅದು ಎಲ್ಲಕ್ಕೂ ಹೇಳುತ್ತಿರುತ್ತದೆ. ಡ್ರೋನುಗಳು ಅಷ್ಟನ್ನು ಕಳೆದು ಬೆರಳಗಲದ ಲೆಕ್ಕದಲ್ಲಿ ನಿಲ್ಲುತ್ತವೆ. ನಾನು ತಟ್ಟೆಯನ್ನು ನೋಡಿದೆ, ಆಮೇಲೆ ತಾರಸಿಯ ಟಾಕಿಯನ್ನು.

"ತಂಗಿ, ಒಂದು ಮಾತು. ಆಟದ ಹೊತ್ತಿಗೆ ನಾನು ಆ ತಾರಸಿ ಮೇಲೆ ನಿಂತ್ಕೊಳ್ಬಹುದಾ?"

ಅವಳು ತಲೆಯೆತ್ತಿ ಅಳತೆ ಹಾಕುವವಳಂತೆ ನೋಡಿದಳು. "ಆಗೂದಿಲ್ಲ ಮಾಸ್ತರೇ. ತಾರಸಿ ಗೆರೆಯ ಒಳಗೆ ಬರ್ತದೆ. ಒಂದು ಕೆಟ್ಟು ಬಿದ್ರೆ ಎಲ್ಲಿವರೆಗೆ ಹೋಗಿ ಬೀಳಬಹುದು ಅಂತ ನೋಡಿ ಎಳೆದ ಗೆರೆ ಅದು. ಒಳಗೆ ಜನ ಇರೂ ಹಾಗಿಲ್ಲ."

ವಾದ ಮಾಡಲಿಲ್ಲ. ಗೆರೆ ದಾಟಿದವರಿಗೆ ಬಯಲು ಸುತ್ತಿಸಿದವನು ನಾನು. ನಾನೇ ಹೋಗಿ ತಾರಸಿಯ ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಬಂದೆ. ಮುಖದಲ್ಲಿ ಏನೋ ಕಂಡಿರಬೇಕು. ಅವಳು ನನ್ನನ್ನು ಉತ್ತರದ ಗೇಟಿನ ಬಳಿ, ಗಾಳಿಮರದ ಅಡಿಯಲ್ಲಿ ಹಾಕಿದ್ದ ತನ್ನ ಮೇಜಿಗೆ ಕರೆದಳು.

"ಅಲ್ಲಿಂದ ಹೇಗೆ ಕಾಣ್ತದೆ ಅಂತ ಇಲ್ಲೇ ತೋರಿಸ್ತೇನೆ, ಬನ್ನಿ."

ಪರದೆಯ ಮೇಲೆ ದೊಡ್ಡದೊಂದು ಬಂಗಡೆ ಮೀನು ಬೆಳಗುತ್ತಿತ್ತು, ಬೆನ್ನಿನ ಪಟ್ಟೆಗಳ ಸಮೇತ. ಜನ ಕೂರುವುದು ಬಯಲಿನ ದಕ್ಷಿಣಕ್ಕೆ, ಮರಳಿನ ಮೇಲೆ. ಮೀನು ಅವರಿಗೆ ಮುಖವಾಗಿ ನಿಲ್ಲುತ್ತದೆ. ಅವಳು ಬೆರಳಿನಿಂದ ಚಿತ್ರವನ್ನು ತಿರುಗಿಸಿದಳು. ಮೀನು ತೆಳುವಾಗುತ್ತ ಬಂತು. ಪೂರ್ವಕ್ಕಿರುವ ತಾರಸಿಯ ದಿಕ್ಕಿಗೆ ಬಂದಾಗ ಉಳಿದದ್ದು ನೆಟ್ಟಗೆ ನಿಂತ ಒಂದು ಬೆಳಕಿನ ಗೀಟು.

"ಇಷ್ಟೇನಾ?"

"ಇಷ್ಟೇ."

ನಮ್ಮದು ನೆಲದ ಮೇಲೆ ಮಲಗಿದ ಚಿತ್ರ, ಇದು ಎದ್ದು ನಿಂತ ಚಿತ್ರ. ಹೆಂಡತಿ ನಿಲ್ಲುತ್ತಿದ್ದ ಜಾಗದಿಂದ ಇಂದು ನೋಡುವಂಥದ್ದು ಏನೂ ಇರಲಿಲ್ಲ. ನಾನು ಅಲ್ಲಿಂದ ಎದ್ದು ಬಯಲಿಗೆ ಹೋದೆ. ಕೈಗೆ ಕೆಲಸವಿಲ್ಲದಿದ್ದರೆ ನನಗೆ ಆಗುವುದಿಲ್ಲ.

ಸಾಲುಗಳ ನಡುವೆ ನಡೆಯುವಾಗ ಒಂದು ಡ್ರೋನ್ ಸಾಲು ಬಿಟ್ಟು ಅರ್ಧ ಗೇಣು ಆಚೆ ನಿಂತಿದ್ದು ಕಂಡಿತು. ಯೋಚಿಸಲೇ ಇಲ್ಲ. ಮಗುವಿನ ಭುಜ ಹಿಡಿದು ಚುಕ್ಕಿಗೆ ತರುವಂತೆ ಅದನ್ನು ಎರಡೂ ಕೈಯಲ್ಲಿ ಸಾಲಿಗೆ ಸರಿಸಿದೆ. ಅಡಿಯ ನೆಲ ಮೆತ್ತಗಿತ್ತು. ಡ್ರೋನ್ ಒಂದು ಮಗ್ಗುಲಿಗೆ ವಾಲಿ ಮರಳಿಗೆ ತಾಗಿತು. ಎತ್ತಿ, ಒರೆಸಿ, ನೆಟ್ಟಗೆ ಕೂರಿಸಿದೆ. ಈಗ ಸಾಲು ಸರಿಯಾಯಿತು.

ಆರು ಗಂಟೆಯ ತಪಾಸಣೆಯಲ್ಲಿ ಪರದೆಯ ಮೇಲೆ ಒಂದು ಸಂಖ್ಯೆ ಕೆಂಪಾಯಿತು. ಮುಖ್ಯಸ್ಥೆ ಸಾಲುಗಳ ನಡುವೆ ಬಂದು ನಿಂತಳು.

"ಇದನ್ನ ಯಾರು ಮುಟ್ಟಿದ್ದು?"

"ನಾನು. ಸಾಲು ತಪ್ಪಿತ್ತು."

"ಸಾಲು ತಪ್ಪಿಸಿದ್ದು ನಾನೇ ಮಾಸ್ತರೇ! ಇಲ್ಲಿ ಅಡಿಯಲ್ಲಿ ಹಳೇ ಹೊಂಡ ಉಂಟು, ಮರಳು. ಅದಕ್ಕೇ ಆಚೆ ಇಟ್ಟು ಲೆಕ್ಕದಲ್ಲೂ ಹಾಗೇ ಬರೆಸಿದ್ದೆ." ಅವಳು ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿದಳು. ಕರಕರ ಎಂದಿತು. "ಮೋಟಾರಿಗೆ ಮರಳು ಹೋಗಿದೆ."

ಉದ್ದಜಿಗಿತದ ಹೊಂಡ. ನಾನೇ ತೋಡಿಸಿದ್ದು.

ಬದಲಿಗೆ ತಂದಿದ್ದವೆಲ್ಲ ಆಗಲೇ ಬೇರೆ ಜಾಗ ತುಂಬಿದ್ದವು. ಸಂಶಯ ಇರುವುದನ್ನು ಮೇಲೆ ಬಿಡುವುದಿಲ್ಲ ಎಂದು ಅವಳು ಅದನ್ನು ತೆಗೆದು ನನ್ನ ಕೈಗೇ ಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

"ಇದು ಚಿತ್ರದಲ್ಲಿ ಎಲ್ಲಿಯದು?" ಎಂದು ಕೇಳಿದೆ.

"ಮೀನಿನ ಕಣ್ಣು."

ಏಳು ಗಂಟೆ. ಗಾಳಿ ಇಳಿದಿತ್ತು. ಜವಾನ ಜನರನ್ನು ತಡೆಯಲು ಕಟ್ಟಿದ್ದ ಹಗ್ಗದ ಬಳಿ, ನಾನು ಉತ್ತರದ ಗೇಟಿನಲ್ಲಿ. ಮುಖ್ಯಸ್ಥೆ ಕಪ್ಪು ಬಟ್ಟೆಯ ಮರೆಯಲ್ಲಿ ಪರದೆಗೆ ಮುಖ ಕೊಟ್ಟು ಕೂತಳು. ಮೊದಲು ಕೆಲವು ಸಾಲು, ಅವು ಮೇಲೇರಿ ಜಾಗ ಬಿಟ್ಟ ಮೇಲೆ ಉಳಿದ ಸಾಲುಗಳು, ಹೀಗೆ ಬಯಲು ಜೇನುಗೂಡಿನಂತೆ ಗುಂಯ್‌ಗುಟ್ಟುತ್ತ ಬರಿದಾಯಿತು. ದೀಪಗಳು ಕತ್ತಲಲ್ಲಿ ಅಡ್ಡಾಡಿ, ಒಂದರ ದಾರಿಗೆ ಒಂದು ಬಾರದೆ, ದೋಣಿಯಾದವು, ಬಲೆಯಾದವು. ಬಲೆ ಬಿಚ್ಚಿ ಬಂಗಡೆಯಾಯಿತು. ಮರಳಿನ ಕಡೆಯಿಂದ ಜನರ ಕೂಗು ಕೇಳಿಸಿತು. ನಾನು ನಿಂತದ್ದು ಹಿಂಬದಿಯಲ್ಲಿ, ನನಗೆ ಮೀನು ತಿರುಗುಮುರುಗಾಗಿ ಕಂಡಿತು. ಕಣ್ಣಿನ ಜಾಗದಲ್ಲಿ ಕತ್ತಲು. ಆ ಕತ್ತಲಿನಲ್ಲಿ ನಿಜವಾದ ಒಂದು ನಕ್ಷತ್ರ ಬಂದೀತೇ ಎಂದು ಮಕ್ಕಳ ಹಾಗೆ ಕುತ್ತಿಗೆ ಆಚೀಚೆ ಮಾಡಿದೆ. ಮೀನು ಬಾಲ ಆಡಿಸುತ್ತ ಕಡಲಿನ ಮೇಲೆ ಸರಿದು ಹೋಯಿತು. ಆ ಗಳಿಗೆಯಲ್ಲಿ ಅಭ್ಯಾಸ ಬಲದಿಂದ ತಾರಸಿಯ ಕಡೆ ತಿರುಗಿದೆ. ಟಾಕಿ ಮಾತ್ರ ಇತ್ತು.

ಆಟ ಮುಗಿದು ಡ್ರೋನುಗಳೆಲ್ಲ ಇಳಿದು ಗೆರೆ ತೆರವಾದ ಮೇಲೆ ಜನ ಗೇಟಿನ ಮುಂದೆ ಹಾದುಹೋದರು. ನಮ್ಮ ಕೇರಿಗೆ ಮೀನು ತರುವ ಹೆಂಗಸು ನನ್ನನ್ನು ಕಂಡು ನಿಂತಳು.

"ಎಂತ ಮಾಸ್ತರೇ, ಬಂಗಡೆಗೆ ಕಣ್ಣೇ ಇಲ್ಲ! ಅಂಥ ಮೀನು ನಾನು ತಂದ್ರೆ ನೀವು ತಕಂತಿದ್ರಾ?"

"ಇಲ್ಲ ಮಾರಾಯ್ತಿ."

"ಅಕ್ಕೋರು ಇದ್ದಿದ್ರೆ ಟವೆಲ್ ಬೀಸ್ತಿದ್ರು ನೋಡಿ," ಎಂದು ನಗುತ್ತ ಹೋದಳು. ಹೌದು, ಬೀಸುತ್ತಿದ್ದಳು.

ಬಯಲಿನಲ್ಲಿ ಡ್ರೋನುಗಳನ್ನು ಪೆಟ್ಟಿಗೆಗೆ ತುಂಬುವ ಕೆಲಸ ನಡೆದಿತ್ತು. ನಾನೂ ಕೈ ಹಚ್ಚಿದೆ. ಮುಖ್ಯಸ್ಥೆ ಕಣ್ಣುಜ್ಜಿಕೊಳ್ಳುತ್ತ ಬಂದು ನನ್ನ ಪಕ್ಕ ಕುಕ್ಕರಿಸಿ ಕೂತಳು. ಕೇಳಿದಳು:

"ಮಾಸ್ತರೇ, ಹೇಗೆ ಕಂಡಿತು?"

ನಾನು ಕೈಯಲ್ಲಿದ್ದದ್ದನ್ನು ಕೆಳಗಿಟ್ಟೆ. "ನೀನು ನೋಡಲಿಲ್ಲವಾ?"

"ನಾನೆಲ್ಲಿ ನೋಡೂದು? ಪರದೆ ಬಿಟ್ಟು ಕಣ್ಣು ತೆಗೆದ್ರೆ ಆತು ಕಥೆ. ಇಷ್ಟು ಊರಲ್ಲಿ ಮಾಡಿದ್ದೇನೆ, ಒಂದನ್ನೂ ಮೇಲೆ ನೋಡಿದ್ದಿಲ್ಲ. ಈ ಜೊತೆಯವರನ್ನ ಕೇಳಿದ್ರೆ 'ಸೂಪರ್' ಅಂತಾರೆ, ಅಷ್ಟೇ."

ಕ್ರಮ ನನಗೆ ಗೊತ್ತಿತ್ತು. ಮೊದಲು ತಪ್ಪು.

"ಮೀನಿಗೆ ಕಣ್ಣು ಇರಲಿಲ್ಲ. ಅದು ನನ್ನ ಕೈಕೆಲಸ. ದೋಣಿಯ ಮೂತಿಯಲ್ಲಿ ಎರಡು ದೀಪ ತಡವಾಗಿ ಹೊತ್ತಿದವು."

ಅವಳು ತಲೆಯಾಡಿಸಿದಳು. "ಮತ್ತೆ?"

"ಬಲೆ ಬಿಚ್ಚಿ ಮೀನಾಗುವಾಗ ಒದ್ದೆ ಮರಳಿನ ಮೇಲೆ ಅದರ ಬಿಂಬ ಬಿದ್ದು ಇನ್ನೊಂದು ಬಲೆ ಬಿಚ್ಚಿಕೊಳ್ಳುತ್ತಿತ್ತು. ತೆರೆ ಬಂದು ಅದನ್ನು ಎಳೆದುಕೊಂಡು ಹೋಯಿತು. ಜನ ಎಲ್ಲ ಮೇಲೆ ನೋಡುತ್ತಿದ್ದರು, ಅದನ್ನು ಯಾರೂ ನೋಡಿರಲಿಕ್ಕಿಲ್ಲ."

ಅವಳು ಕಡಲಿನ ಕಡೆ ತಿರುಗಿ ಬಹಳ ಹೊತ್ತು ನೋಡಿದಳು. ಅಲ್ಲಿ ಈಗ ಕತ್ತಲು ಬಿಟ್ಟು ಏನೂ ಇರಲಿಲ್ಲ. ಆಮೇಲೆ, "ಇನ್ನೊಮ್ಮೆ ಹೇಳಿ," ಎಂದಳು. ಹೇಳಿದೆ.

ಕಣ್ಣಿನ ಡ್ರೋನನ್ನು ಕೊನೆಯ ಪೆಟ್ಟಿಗೆಯಲ್ಲಿ ಬೇರೆಯಾಗಿ, ಬಟ್ಟೆ ಸುತ್ತಿ ಇಟ್ಟೆವು. ಗಾಡಿ ಕುಮಟಾದ ದಾರಿ ಹಿಡಿಯಿತು. ನಾನು ಬಯಲಿನ ಗೇಟು ಹಾಕಿ, ಎಳೆದು ನೋಡಿ, ಮನೆಗೆ ಬಂದು, ತಾರಸಿಯ ಬೀಗದ ಕೈಯನ್ನು ಜೇಬಿನಿಂದ ತೆಗೆದು ಬಾಗಿಲ ಹಿಂದಿನ ಮೊಳೆಗೆ ಹಾಕಿದೆ.