ಮಡಕೆಯೊಳಗಿನ ಅಡ್ಡಗೆರೆ

ಇಂಟರ್‌ನೆಟ್ ಬಂದ ಮೇಲೆ ಮ್ಯೂಸಿಯಂ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ಎಲ್ಲರಿಗಿಂತ ಮೊದಲು ‘ಹೌದಲ್ವಾ, ಯಾಕೆ ಬೇಕು’ ಎಂದು ತಲೆಯಾಡಿಸುತ್ತಿದ್ದವನು ಆ ಮ್ಯೂಸಿಯಮ್ಮಿನ ಅನ್ನವನ್ನೇ ಇಪ್ಪತ್ತೊಂಬತ್ತು ವರ್ಷ ಉಂಡವನು. ಧೂಳಣ್ಣ. ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆ ಮೆತ್ತನೆಯ ಬ್ರಶ್ಶು ಹಿಡಿದು ನಾಲ್ಕು ಕೋಣೆಗಳ ಸಾಮಾನಿನ ಧೂಳು ತೆಗೆಯುವುದು ಅವನ ಕೆಲಸ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ.

“ಫೋನಲ್ಲೇ ಎಲ್ಲಾ ಇದೆಯಲ್ಲ ಸ್ವಾಮಿ, ಮೆಟ್ಟಿಲು ಹತ್ತಿ ಯಾಕೆ ಮಂಡಿ ನೋಯಿಸ್ಕೋತೀರಿ?” ಎಂದು ಬಂದವರಿಗೇ ಹೇಳುತ್ತಿದ್ದ. ಪಾಪ, ಜನರ ಮೇಲೆ ಎಷ್ಟು ಕಾಳಜಿ ಎಂದುಕೊಂಡವರುಂಟು. ಕಾಳಜಿಯೂ ಅಲ್ಲ, ಕರ್ಮವೂ ಅಲ್ಲ. ಅದು ಹೆದರಿಕೆ.

ಎರಡನೆಯ ಕೋಣೆಯ ಕಿಟಕಿ ಪಕ್ಕ, ಗಾಜಿನ ಪೆಟ್ಟಿಗೆಯೊಳಗೆ ಒಂದು ಹಳೆಯ ಮಡಕೆ ಇದೆ. ಎಂಟು ವರ್ಷದ ಹಿಂದೆ ಅದರ ಧೂಳು ತೆಗೆಯುವಾಗ ಅದು ಧೂಳಣ್ಣನ ಕೈಯಿಂದ ಜಾರಿ ಮೇಜಿನ ಅಂಚಿಗೆ ಬಡಿಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹೊಟ್ಟೆಯ ಭಾಗದಿಂದ ಅಂಗೈಯಗಲದ, ಹೆಚ್ಚುಕಡಿಮೆ ಚೌಕನೆಯ ಒಂದು ಚೂರು ಕಳಚಿ ಬಿತ್ತು. ಸುತ್ತ ಯಾರೂ ಇರಲಿಲ್ಲ. ಯಾರೂ ಇಲ್ಲದಾಗಲೇ ಮನುಷ್ಯನ ಬಣ್ಣ ಗೊತ್ತಾಗುವುದು. ಮರಗೆಲಸದವರು ಬಿಟ್ಟುಹೋಗಿದ್ದ ಅಂಟು ತಂದ, ಗಡಿಬಿಡಿಯಲ್ಲಿ ಚೂರನ್ನು ಒತ್ತಿ ಕೂರಿಸಿದ, ಸುತ್ತ ಉಳಿದ ಸಂದಿಗೆ ಹೂವಿನ ಕುಂಡದ ಮಣ್ಣು ಕಲಸಿ ಮೆತ್ತಿದ. ಹತ್ತು ಗಂಟೆಗೆ ಬಾಗಿಲು ತೆಗೆದಾಗ ಮಡಕೆ ತನ್ನ ಜಾಗದಲ್ಲಿತ್ತು.

ಆಮೇಲೆ ಎರಡು ವರ್ಷಕ್ಕೆ ಎಲ್ಲ ಸಾಮಾನಿನ ಫೋಟೊ ಇಂಟರ್‌ನೆಟ್ಟಿಗೆ ಹೋಯಿತು. ಮಡಕೆಯ ಫೋಟೊದಲ್ಲಿ ಆ ಮೆತ್ತಿದ ಗೆರೆ ಸ್ಪಷ್ಟವಾಗಿ ಕಂಡಿತು. ಕೆಲಸ ಹೋಯಿತು ಎಂದುಕೊಂಡ ಧೂಳಣ್ಣ. ಆದರೆ ಆದದ್ದೇ ಬೇರೆ. ಹೊಸದಾಗಿ ಬಂದಿದ್ದ ಮೇಲಧಿಕಾರಿ ಆ ಗೆರೆಯನ್ನು ನೋಡಿ, ‘ಒಡೆದದ್ದನ್ನು ಎಸೆಯದೆ ಜೋಡಿಸಿಕೊಂಡ ನಮ್ಮ ಹಿರಿಯರ ಜಾಣ್ಮೆ’ ಎಂದು ಫೋಟೊದ ಕೆಳಗೆ ಬರೆದರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಎತ್ತಿಕೊಂಡರು, ಅವರದನ್ನು ಮತ್ತೊಬ್ಬರು. ವರ್ಷ ತುಂಬುವುದರೊಳಗೆ ಅದು ಲಕ್ಷ ಜನ ಮೆಚ್ಚಿದ ಮಡಕೆಯಾಯಿತು. ಆ ಲಕ್ಷದಲ್ಲಿ ನಾವೂ ಇದ್ದೆವು. ಬೆರಳಲ್ಲಿ ಒಂದು ಸಲ ಒತ್ತಿ ಮುಂದೆ ಹೋದೆವು.

ಧೂಳಣ್ಣನ ಮಗಳು ಪ್ರಾಥಮಿಕ ಶಾಲೆಯ ಟೀಚರು. ಅವಳು ಆ ಮಡಕೆಯ ಮೇಲೆ ಒಂದು ಪಾಠವನ್ನೇ ಮಾಡಿದಳು. “ನಮ್ಮಪ್ಪನೇ ಅದನ್ನ ನೋಡ್ಕೊಳ್ಳೋದು ಅಂತ ಮಕ್ಕಳಿಗೆ ಹೇಳಿದೀನಪ್ಪಾ. ಒಂದಿನ ಎಲ್ರನ್ನೂ ಕರ್ಕೊಂಡು ಬರ್ಲಾ?” ಎಂದು ಊಟಕ್ಕೆ ಕೂತಾಗ ಕೇಳಿದಳು.

“ಯಾಕಮ್ಮಾ ಸುಮ್ನೆ? ಫೋನಲ್ಲೇ ದೊಡ್ಡದು ಮಾಡಿ ತೋರ್ಸು. ಗಾಜಿನ ಹಿಂದೆ ಏನ್ ಕಾಣುತ್ತೆ ಮಣ್ಣು?”

ಅಷ್ಟು ಹೇಳಿ ಲೋಟ ಎತ್ತಿದ. ನೀರು ಕುಡಿದ. ಹೀಗೆ ನೀರು ಕುಡಿದು ಕುಡಿದೇ ಎಂಟು ವರ್ಷ ದಾಟಿಸಿದ.

ಈ ವರ್ಷ ಮೇಲಿನಿಂದ ಆದೇಶ ಬಂತು: ಕಣ್ಣಿಲ್ಲದವರು ತಿಂಗಳಿಗೊಂದು ದಿನ ಸಾಮಾನುಗಳನ್ನು ಮುಟ್ಟಿ ನೋಡಬಹುದು. ಮೊದಲನೆಯ ದಿನ ಬಂದವರಲ್ಲಿ ಬೆತ್ತದ ಕುರ್ಚಿ ಹೆಣೆಯುವ ಹೆಂಗಸೊಬ್ಬರಿದ್ದರು. ವಯಸ್ಸು ಅರವತ್ತರ ಹತ್ತಿರ, ಬೆರಳ ತುದಿಗಳೆಲ್ಲ ಜಡ್ಡು. ಮೇಲಧಿಕಾರಿ ಹೆಮ್ಮೆಯಿಂದ ಅವರನ್ನು ಮಡಕೆಯ ಹತ್ತಿರ ಕರೆತಂದರು. ಮಡಕೆ ಹಿಡಿದು ನಿಲ್ಲುವ ಕೆಲಸ ಧೂಳಣ್ಣನದು.

ಹೆಂಗಸು ಹೊರಮೈ ಸವರಿದರು. ನುಣುಪು, ನಡುವೆ ಮೆತ್ತಿದ ಗೆರೆ. ಆಮೇಲೆ ಕೈಯನ್ನು ಬಾಯಿಯೊಳಗೆ ಇಳಿಸಿದರು. ಒಳಗೆ ಒಂದು ಸುತ್ತು ಹೋದ ಕೈ ಒಂದು ಕಡೆ ನಿಂತಿತು, ಹಿಂದೆ ಬಂತು, ಮತ್ತೆ ಅಲ್ಲೇ ನಿಂತಿತು.

“ಕುಂಬಾರನ ಬೆರಳಿನ ಗೆರೆ ಸುತ್ತಲೂ ಅಡ್ಡಡ್ಡ ಓಡಿದೆ. ಇಲ್ಲಿ ಮಾತ್ರ ಉದ್ದುದ್ದ ನಿಂತಿದೆಯಲ್ಲ ಸಾರ್? ಈ ಚೂರು ತಿರುವಿ ಕೂತಿದೆ.”

“ಅದು ಹಿರಿಯರು ಮಾಡಿದ ರಿಪೇರಿ ತಾಯಿ. ತುಂಬಾ ಪ್ರಸಿದ್ಧ.”

“ಮಡಕೆ ಬಳಸ್ತಿದ್ದ ಕಾಲದೋರು ಹೀಗೆ ಕೂರ್ಸಲ್ಲ ಸಾರ್. ಗೆರೆ ತಿಳಿದವರ ಕೈ ಅಲ್ಲ ಇದು. ಹೆದರಿದವರ ಕೈ.”

ಮೇಲಧಿಕಾರಿ ನಕ್ಕರು. “ಲಕ್ಷ ಜನ ನೋಡಿದಾರಮ್ಮಾ, ಒಬ್ರೂ ಹೀಗಂದಿಲ್ಲ. ಅಲ್ವೇನಯ್ಯಾ ಧೂಳಣ್ಣ?”

ಈಗ ಹೇಳಬಹುದಿತ್ತು. ನಾಲಿಗೆಗೆ ಎಲುಬಿಲ್ಲ ಎನ್ನುತ್ತಾರೆ, ಆ ಹೊತ್ತು ಅವನ ನಾಲಿಗೆ ಬರಿಯ ಎಲುಬಾಗಿತ್ತು. “ಹೌದು ಸಾರ್” ಎಂದ.

ಹೆಂಗಸು ಕೈ ಹೊರತೆಗೆದು, ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ನೋಡಿಕೊಂಡರು. “ಹಾಗಾದ್ರೆ ಬೆರಳಿಗೆ ವಯಸ್ಸಾಯ್ತು ಅಂತ ಕಾಣುತ್ತೆ” ಎಂದರು ಮೆಲ್ಲಗೆ. “ಬೆರಳೇ ಸುಳ್ಳು ಹೇಳೋಕೆ ಶುರು ಮಾಡಿದ್ರೆ ನಾನಿನ್ನು ಕುರ್ಚಿ ಮುಟ್ಟಬಾರ್ದು.” ಕೋಲು ಕುಟ್ಟುತ್ತ ಹೊರಟುಹೋದರು.

ಎಂಟು ವರ್ಷ ಅವನು ಕದ್ದದ್ದು ಏನು ಎಂದು ಅವನಿಗೇ ಸರಿಯಾಗಿ ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ಕಣ್ಣಿಲ್ಲದವಳ ಕೈಯಿಂದ ಬೆರಳನ್ನೇ ಕಸಿದುಕೊಂಡಿದ್ದ. ಮಡಕೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಮೆಟ್ಟಿಲಿಳಿದು ಓಡಿದ. ಹೆಂಗಸು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಿದ್ದರು.

“ಅಮ್ಮಾ, ನಿಮ್ಮ ಬೆರಳು ಸರಿಯಾಗಿದೆ. ಆ ಚೂರು ಕೂರ್ಸಿದ್ದು ನಾನು. ಧೂಳು ತೆಗೀವಾಗ ಕೈ ಜಾರ್ತು.”

ಅವರು ಧ್ವನಿ ಬಂದತ್ತ ಮುಖ ತಿರುಗಿಸಿದರು. “ಮಡಕೆ ಹಿಡ್ಕೊಂಡು ನಿಂತಿದ್ದೋರು ನೀವೇ ಅಲ್ವಾ?”

“ಹೌದಮ್ಮಾ.”

“ನಾನು ಕೇಳ್ದಾಗ್ಲೂ ಅಲ್ಲೇ ಇದ್ರಿ.”

“ಇದ್ದೆ.”

“ಇಷ್ಟು ದೂರ ಓಡಿಬಂದು ಹೇಳೋ ಬದ್ಲು ಅಲ್ಲೇ ಒಂದು ಮಾತು ಹೇಳಿದ್ರೆ ಕಾಲಾದ್ರೂ ಉಳೀತಿತ್ತಲ್ಲಣ್ಣಾ.” ಬಸ್ಸು ಬಂತು. ಎದ್ದರು. “ನನ್ನ ಬೆರಳು ನನಗೆ ವಾಪಸ್ ಸಿಕ್ತು, ಸಾಕು. ಮಿಕ್ಕಿದ್ದನ್ನ ಯಾರಿಗೆ ವಾಪಸ್ ಕೊಡ್ಬೇಕೋ ನೀವೇ ಹುಡುಕ್ಕೊಳ್ಳಿ.”

ಕ್ಷಮಿಸಿದೆ ಅನ್ನಲಿಲ್ಲ. ಅನ್ನುವ ಅಗತ್ಯವೂ ಅವರಿಗಿರಲಿಲ್ಲ.

ಅವತ್ತೇ ಧೂಳಣ್ಣ ಮೇಲಧಿಕಾರಿಯ ಕೋಣೆಗೆ ಹೋಗಿ, ಕೈ ಜಾರಿತು ಸಾರ್ ಎಂದು ಎಲ್ಲ ಒಪ್ಪಿಕೊಂಡ. ಅವರು ಎದ್ದು ಬಾಗಿಲು ಮುಂದೆ ಮಾಡಿದರು. “ಲಕ್ಷ ಜನರ ಮುಂದೆ ಬರೆದಿದ್ದನ್ನ ಈಗ ಅಳಿಸು ಅಂತೀಯಾ? ನಿನಗೆ ರಿಟೈರ್ ಆಗೋಕೆ ಎರಡು ವರ್ಷ ಇದೆ. ನನಗೆ ಇನ್ನೊಂದೇ. ಇಬ್ರ ಬಾಯಿಗೂ ಬೀಗ ಇರ್ಲಿ.” ಬರಹ ಇದ್ದಲ್ಲೇ ಇದೆ. ಇವತ್ತಿಗೂ ನೋಡಬಹುದು, ಮೆಚ್ಚಲೂಬಹುದು.

ಮನೆಗೆ ಹೋಗಿ ಮಗಳಿಗೆ ಹೇಳಿದ: “ನಿನ್ನ ಮಕ್ಕಳನ್ನ ಕರ್ಕೊಂಡು ಬಾಮ್ಮಾ.”

“ಫೋನಲ್ಲೇ ಸಾಕು ಅಂತಿದ್ರಿ?”

“ಫೋನಲ್ಲಿ ಹೊಟ್ಟೆ ಒಳಗೆ ಕೈ ಹೋಗಲ್ಲ.”

ಮಡಕೆಗೆ ಹೊಟ್ಟೆನೋವು ಗಿಟ್ಟೆನೋವು ಬಂದಿದೆಯಾ ಎಂದು ಮಗಳು ನಕ್ಕಳು. ಅವನು ನಗಲಿಲ್ಲ.

ಮೂವತ್ತೆರಡು ಮಕ್ಕಳು ಬಂದರು. ಮೇಲಧಿಕಾರಿ ಅವತ್ತು ರಜೆಯಲ್ಲಿದ್ದರು. ಧೂಳಣ್ಣ ಗಾಜಿನ ಪೆಟ್ಟಿಗೆ ತೆಗೆದ. ಮಕ್ಕಳ ಎದುರು ಬಾಯಿ ತೆರೆದಾಗ ಒಂದು ವಿಷಯ ಅವನ ಕಾಲು ಹಿಡಿದೆಳೆಯಿತು. ಕುರ್ಚಿಯ ಹೆಂಗಸಿಗೂ ಮೇಲಧಿಕಾರಿಗೂ ಅವನು ‘ಕೈ ಜಾರಿತು’ ಎಂದಷ್ಟೇ ಹೇಳಿದ್ದ. ತಪ್ಪು ಒಪ್ಪಿಕೊಳ್ಳುವಾಗಲೂ ತೂಕದಲ್ಲಿ ಹೊಡೆದಿದ್ದ.

“ಈ ಚೂರನ್ನ ಹಳೇ ಕಾಲದವರು ಅಂಟಿಸಿಲ್ಲ ಮಕ್ಕಳೇ. ಒಡೆದೋನು ನಾನು. ಅಂಟಿಸ್ದೋನೂ ನಾನೇ, ಅದೂ ತಿರುಗಾಮುರುಗಾ. ಒಂದು ಕೈಯಲ್ಲಿ ಮಡಕೆ ಇತ್ತು. ಇನ್ನೊಂದು ಕೈಯಲ್ಲಿ ಫೋನಿತ್ತು. ನಮ್ಮ ಭಾವಮೈದ ನಾಯಿ ಕುಣಿಯೋ ವಿಡಿಯೊ ಕಳ್ಸಿದ್ದ. ಅದನ್ನ ನೋಡ್ತಿದ್ದೆ.”

ಮಕ್ಕಳು ಗೊಳ್ಳೆಂದು ನಕ್ಕರು. “ನಾಯಿ ಹೇಗೆ ಕುಣೀತು ತಾತಾ?” ಎಂದು ಒಬ್ಬಳು ಕೇಳಿದಳು. ಇನ್ನೊಬ್ಬ ನಗದೆ ಟೀಚರ ಕಡೆ ತಿರುಗಿದ. “ಹಾಗಾದ್ರೆ ಮಿಸ್, ನಾವು ಪರೀಕ್ಷೇಲಿ ಬರೆದಿದ್ದು?”

ಮಗಳು ಮಕ್ಕಳನ್ನು ಸಾಲಾಗಿ ನಿಲ್ಲಿಸಿದಳು. ಅವಳ ಕಿವಿ ಕೆಂಪಾಗಿತ್ತು. ಮಕ್ಕಳು ಒಬ್ಬೊಬ್ಬರಾಗಿ ಬಂದು ಮಡಕೆಯೊಳಗೆ ಕೈ ಇಳಿಸಿ, ಅಡ್ಡ, ಅಡ್ಡ, ಅಡ್ಡ, ಇಲ್ಲಿ ಉದ್ದ ಎಂದು ಕೂಗುತ್ತ ಹೋದರು. ಧೂಳಣ್ಣ ಎರಡೂ ಕೈಯಲ್ಲಿ ಮಡಕೆ ಹಿಡಿದು ನಿಂತಿದ್ದ.

ಕೊನೆಗೆ ಉಳಿದವಳು ಮಗಳು. ಹತ್ತಿರ ಬಂದು ಕೈ ಒಳಗಿಟ್ಟಳು. ಆ ಚೂರಿನ ಮೇಲೆ ಅವಳ ಬೆರಳು ಬಹಳ ಹೊತ್ತು ನಿಂತಿತ್ತು. ಅಪ್ಪನ ಮುಖವನ್ನು ಮಾತ್ರ ಅವಳು ನೋಡಲಿಲ್ಲ.