ಸಂಕಪ್ಪ ಮೇಸ್ತ್ರಿಗೆ ಬರೆದ ಮೆಮೊ

೧೯೫೮ರಲ್ಲಿ ನಾನು ಮೈಸೂರಿನಿಂದ ಮಂಗಳೂರಿಗೆ ಬಂದು ಒಂದು ಖಾಸಗಿ ಕಾಂಟ್ರಾಕ್ಟ್ ಕಂಪೆನಿಯಲ್ಲಿ ಸೈಟ್ ಇಂಜಿನಿಯರ್ ಆಗಿ ಸೇರಿದೆ. ನಂತೂರಿನಿಂದ ಕುಲಶೇಖರದ ಕಡೆಗೆ ಹೋಗುವ ರಸ್ತೆಯ ದುರಸ್ತಿ ನನ್ನ ಮೊದಲ ಕೆಲಸ. ಆಗ ನನ್ನ ವಯಸ್ಸು ಇಪ್ಪತ್ತಾರು, ಎತ್ತರ ನಾಲ್ಕು ಅಡಿ ಹನ್ನೊಂದು ಅಂಗುಲ. ಕಾಲೇಜಿನಲ್ಲಿ ‘ಕುಳ್ಳ’ ಎಂದು ಕರೆಸಿಕೊಂಡು ಸಾಕಾಗಿದ್ದ ನನಗೆ ಹೊಸ ಊರಿನಲ್ಲಾದರೂ ‘ಸರ್’ ಎನ್ನಿಸಿಕೊಳ್ಳುವ ಆಸೆಯಿತ್ತು.

ಮೊದಲ ದಿನವೇ ಮೇಸ್ತ್ರಿ ಸಂಕಪ್ಪನವರು ಒಂದು ಕುರ್ಚಿ ತಂದಿಟ್ಟು, ಹೆಗಲ ಬೈರಾಸಿನಿಂದ ಒರೆಸಿ, ನಗುತ್ತಾ “ಕುಳ್ಳುಲೆ” ಎಂದರು. ನಾನು ಕೇಳದವನಂತೆ ಮುಖ ತಿರುಗಿಸಿದೆ. ಅವರು ಇನ್ನೂ ಗಟ್ಟಿಯಾಗಿ “ಕುಳ್ಳುಲೆ!” ಎಂದರು. ಮರುದಿನ ಜಲ್ಲಿ ಹೊರುವ ಹೆಂಗಸರೂ ದನಿಗೂಡಿಸಿದರು. ನಾಲ್ಕನೆಯ ದಿನ ಹನ್ನೆರಡು ಮಂದಿಯ ಗ್ಯಾಂಗ್ ಒಟ್ಟಾಗಿ ಕೂಗಿತು. ನಾಲ್ಕೂ ದಿನ ನಾನು ಬಿಸಿಲಲ್ಲಿ ನಿಂತೇ ಇದ್ದೆ.

ಐದನೆಯ ದಿನ ಮೆಮೊ ಬರೆದೆ. ಅಂದರೆ ತಪ್ಪಿಗೆ ಸಮಜಾಯಿಷಿ ಕೇಳುವ ಪತ್ರ. ಮೇಲಧಿಕಾರಿಯ ಎತ್ತರವನ್ನು ಬಹಿರಂಗವಾಗಿ ಅಣಕಿಸಿದ್ದಕ್ಕೆ ಕೆಲಸದಿಂದ ಏಕೆ ತೆಗೆಯಬಾರದು ಎಂದು ಕೇಳಿದ್ದೆ. ಮೇಸ್ತ್ರಿಗೆ ಓದು ಬಾರದು, ಕನ್ನಡವೂ ಅಷ್ಟಕ್ಕಷ್ಟೆ. ಆದ್ದರಿಂದ ರೋಡ್ ರೋಲರ್ ಚಾಲಕ ಹಮೀದ್ ಬ್ಯಾರಿಯವರ ಕೈಗೆ ಕೊಟ್ಟು, ಓದಿ ಹೇಳಿ ಎಂದೆ.

ಹಮೀದ್ ಎರಡು ಸಲ ಓದಿದರು. ಆಮೇಲೆ ರೋಲರಿನ ಮೆಟ್ಟಿಲ ಮೇಲೆ ಕುಸಿದು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಎಂತ ಸರ್ ಇದು? ತುಳುವಿನಲ್ಲಿ ಕುಳ್ಳುಲೆ ಅಂದ್ರೆ ಕೂತ್ಕೊಳ್ಳಿ ಅಂತ ಮಾರಾಯ್ರೆ! ಮರ್ಯಾದೆಯ ಮಾತು. ಆ ಕುರ್ಚಿ ಉಂಟಲ್ಲ, ಅದು ಕಂಪೆನಿಯದ್ದಲ್ಲ. ಸಂಕಪ್ಪಣ್ಣ ಬಿಕರ್ನಕಟ್ಟೆಯ ಮನೆಯಿಂದ ದಿನಾ ತಲೆಯಲ್ಲಿ ಹೊತ್ತುಕೊಂಡು ಬರುವುದು.”

“ಮತ್ತೆ ಅಷ್ಟು ಜೋರಾಗಿ ಕೂಗಿದ್ದೇಕೆ?”

ಹಮೀದ್ ತಲೆ ತಗ್ಗಿಸಿದರು. “ನಿಮಗೆ ಕಿವಿ ಕೇಳುವುದಿಲ್ಲ ಅಂತ ಗ್ರಹಿಸಿದ್ದು ಸರ್. ನಾವೆಲ್ಲ ಹಾಗೇ ಗ್ರಹಿಸಿದ್ದು.”

ಮೆಮೊ ಹರಿದುಹಾಕಿ, ಹಮೀದರನ್ನು ಕರೆದುಕೊಂಡು ಹೋಗಿ ಮೇಸ್ತ್ರಿಯ ಕ್ಷಮೆ ಕೇಳಿದೆ. ಹಮೀದ್ ಎಲ್ಲವನ್ನೂ ತುಳುವಿನಲ್ಲಿ ವಿವರಿಸಿದಾಗ ಸಂಕಪ್ಪನವರು ನಗಲಿಲ್ಲ. ನನ್ನನ್ನೇ ನೋಡುತ್ತಾ ಏನೋ ಕೇಳಿದರು.

“ನಾಲ್ಕು ದಿನ ನಿಮಗೆ ತುಂಬಾ ಬೇಸರ ಆಯ್ತಾ ಅಂತ ಕೇಳ್ತಾರೆ,” ಎಂದರು ಹಮೀದ್.

ನಾನು ಹೋಗಿ ಆ ಕುರ್ಚಿಯಲ್ಲಿ ಕುಳಿತೆ.

ಮರುದಿನ ಮೇಸ್ತ್ರಿ ಗ್ಯಾಂಗಿನತ್ತ ಎಚ್ಚರಿಕೆಯ ನೋಟ ಬೀರಿ, ಯಕ್ಷಗಾನ ನೋಡಿ ಕಲಿತ ಕನ್ನಡದಲ್ಲಿ ಗಂಭೀರವಾಗಿ, “ಆಸೀನರಾಗಬೇಕು ಸ್ವಾಮೀ!” ಎಂದರು. ಜಲ್ಲಿಯ ಬುಟ್ಟಿ ಇಳಿಸಿ ಹೆಂಗಸರೂ ಅದನ್ನೇ ಹೇಳಿದರು. ‘ಕುಳ್ಳುಲೆ’ ಎಂದೇ ಹೇಳಿ ಎಂದು ನಾನು ಎಷ್ಟು ಕೇಳಿಕೊಂಡರೂ, ಆ ರಸ್ತೆ ಮುಗಿಯುವವರೆಗೆ ನನ್ನೆದುರು ಯಾರೂ ಆ ತುಳು ಮಾತನ್ನು ಆಡಲಿಲ್ಲ.

ಅರ್ಥವಾಗದ ಮಾತಿಗೆ ಸಿಟ್ಟಾಗುವ ಮೊದಲು ‘ಹಾಗೆಂದರೇನು’ ಎಂದು ಕೇಳಬೇಕೆಂಬುದನ್ನು ನಾನು ಕಲಿತದ್ದು ಆ ರಸ್ತೆಯಲ್ಲಿ. ನಾನು ಅವರ ಒಂದು ಪದವನ್ನಷ್ಟೇ ಕಲಿತೆ. ಅವರಾದರೋ ನನಗೆ ನೋವಾಗಬಾರದೆಂದು ತಮ್ಮ ಮನೆಮಾತಿನ ಪದವನ್ನೇ ಬಿಟ್ಟುಕೊಟ್ಟಿದ್ದರು.