ಸಾಲಿನಲ್ಲಿ ನಿಂತ ಲೆಕ್ಕ

ನಮ್ಮ ಬನಹಟ್ಟಿಯ ಹಿಟ್ಟಿನ ಗಿರಣಿಯಲ್ಲಿ ಜನ ಸರದಿ ನಿಲ್ಲುವುದಿಲ್ಲ, ಡಬ್ಬಿಗಳು ನಿಲ್ಲುತ್ತವೆ. ಜೋಳದ ಡಬ್ಬಿಯನ್ನು ಸಾಲಿಗೆ ಹಚ್ಚಿ ನಾವು ಸಂತೆಗೋ ಚಹಕ್ಕೋ ಹೋಗಿಬಿಡುತ್ತೇವೆ. ಡಬ್ಬಿ ನಮಗಿಂತ ತಾಳ್ಮೆಯಿಂದ ಕಾಯುತ್ತದೆ. ನಿಮ್ಮೂರಲ್ಲೂ ಹೀಗೆಯೇ ಇರಬಹುದು. ಆದರೆ ಇಟ್ಟವರು ತಿರುಗಿ ಬರದೇ ಹೋದರೆ ಆ ಸರದಿ ಏನಾಗಬೇಕು ಎಂದು ನಾನು ಯೋಚಿಸಿರಲಿಲ್ಲ, ತಂಗಿ ಗಿರಿಜಾ ತೀರಿಕೊಳ್ಳುವ ತನಕ.

ಗಿರಿಜಾ ಜಮಖಂಡಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಲೇ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಮಹಾಪೂರ ಬಂದರೆ ಕೃಷ್ಣೆಯ ನೀರು ರಬಕವಿಯ ಯಾವ ಓಣಿಗೆ ಎಷ್ಟು ಏರುತ್ತದೆ ಎಂಬ ಲೆಕ್ಕ. ಅದು ಮನೆಯ ಕಂಪ್ಯೂಟರಿಗೆ ಬಗ್ಗುವಂಥದ್ದಲ್ಲ. ವಿಶ್ವವಿದ್ಯಾಲಯದ ಸೂಪರ್ ಕಂಪ್ಯೂಟರಿಗೇ ಕೊಟ್ಟು ಸರದಿ ಕಾಯಬೇಕು. ಕೊನೆಯ ಲೆಕ್ಕವನ್ನು ಸಾಲಿಗೆ ಹಚ್ಚಿ ಮನೆಗೆ ಬಂದವಳು ಜ್ವರದಲ್ಲಿ ಹೋಗಿಬಿಟ್ಟಳು. ಲೆಕ್ಕ ಮಾತ್ರ ಸಾಲಿನಲ್ಲಿ ನಿಂತೇ ಇತ್ತು.

ಇಲ್ಲಿ ನಮ್ಮ ಮನೆತನದ ಪದ್ಧತಿಯೊಂದನ್ನು ಹೇಳಬೇಕು. ಸತ್ತವರು ಅರ್ಧ ನೇಯ್ದು ಬಿಟ್ಟ ಸೀರೆಯನ್ನು ಯಾರಾದರೂ ಮುಗಿಸಬೇಕು. ಅಲ್ಲಿಯವರೆಗೆ ಮನೆಯ ಮಗ್ಗಕ್ಕೆ ಹೊಸ ನೂಲು ಏರಿಸುವಂತಿಲ್ಲ. ಗಿರಿಜಾ ಸೀರೆ ನೇಯುತ್ತಿರಲಿಲ್ಲ ಎಂದರೆ ಅವ್ವ ಒಪ್ಪಲಿಲ್ಲ.

"ಅಕಿ ಕೆಲಸ ಅರ್ಧಕ್ಕ ನಿಂತೈತಿ. ಅದು ಮುಗಿಯೂತನಾ ನಮ್ಮ ಮಗ್ಗ ಶುರು ಆಗೂದಿಲ್ಲ," ಅಂದಳು.

ಹೀಗೆ ಕಂಪ್ಯೂಟರಿನ ಸರದಿಗಾಗಿ ಬನಹಟ್ಟಿಯ ಒಂದು ಪವರ್‌ಲೂಮ್ ಬಂದ್ ಆಯಿತು. ಲೋಕದಲ್ಲಿ ಇನ್ನೆಲ್ಲಿಯೂ ಹೀಗಾಗಿರಲಿಕ್ಕಿಲ್ಲ. ಅಷ್ಟರಲ್ಲಿ ಆ ಕಂಪ್ಯೂಟರಿನಲ್ಲಿದ್ದ ಆಕೆಯ ಖಾತೆ ಮುಚ್ಚುತ್ತಾರೆ, ಜೊತೆಗೆ ಲೆಕ್ಕವೂ ಅಳಿಯುತ್ತದೆ ಎಂದು ತಿಳಿಯಿತು. ನಾನು ವಿಶ್ವವಿದ್ಯಾಲಯಕ್ಕೆ ಬಸ್ಸು ಹತ್ತಿದೆ.

ಯಂತ್ರಗಳ ಉಸ್ತುವಾರಿ ನೋಡುವ ಬಸವರಾಜ ಮುಧೋಳದವರು. ನಮ್ಮ ಕಡೆಯವನೆಂದು ಒಳಗೆ ಕರೆದೊಯ್ದರು. ಸೀರೆ ಅಂಗಡಿಯಲ್ಲಿರುವಂಥ ಎತ್ತರದ ಕಪಾಟುಗಳು, ಸೀರೆಗಳ ಬದಲು ಮಿಣುಕುವ ದೀಪಗಳು. ಅವಕ್ಕೆ ಎಂಥ ಥಂಡಿ ಗಾಳಿ ಎಂದರೆ ನಾನು ಟವೆಲ್ಲು ಹೊದ್ದುಕೊಂಡೆ. ಒಂದು ಕಪಾಟು ಬರೀ ಲೆಕ್ಕದ ಅಂಕಿಗಳ ಸಂಗ್ರಹಕ್ಕೆ. ಅದರಲ್ಲೂ ಎರಡು ಬಗೆ: ಒಂದು ಸ್ವಂತ ಮನೆಯ ಹಾಗೆ, ಇಟ್ಟದ್ದು ಇರುತ್ತದೆ, ಜಾಗ ಇಕ್ಕಟ್ಟು, ಇನ್ನೊಂದು ಧರ್ಮಶಾಲೆ, ವಿಶಾಲ, ಆದರೆ ಗಡುವು ಮೀರಿದರೆ ಗಂಟುಮೂಟೆ ಹೊರಗೆ. ಗಿರಿಜಾಳ ಹೊಳೆ ಇಡಿಯಾಗಿ ಧರ್ಮಶಾಲೆಯಲ್ಲಿತ್ತು.

"ಮುಂದ ಭಾಳ ಮಂದಿ ಅದಾರ್ರೀ," ಎಂದರು ಬಸವರಾಜ. "ಸಾಲು ಮುರದು ಒಳಗ ತೂರಿಸಾಕ ನನಗ ಬರೂದಿಲ್ಲ. ಖಾತೆ ಇವತ್ತ ಸಂಜಿಗೆ ಬಂದ್ ಆಗತೈತಿ."

ಫೋನ್ ಬಂತೆಂದು ಅವರು ಹೊರಗೆ ಹೋದರು. ಅವ್ವ ಕಟ್ಟಿಕೊಟ್ಟ ಊದಿನಕಡ್ಡಿ ನನಗೆ ನೆನಪಾಯಿತು. ಮಗ್ಗಕ್ಕೆ ಬೆಳಗುವ ಹಾಗೆಯೇ ಹಚ್ಚಿ ಕಪಾಟಿಗೆ ಬೆಳಗಿದೆ.

ಹೊಗೆ ಕಂಡ ಗಂಟೆ ಬಡಿದುಕೊಂಡಿತು. ಬೆಂಕಿ ಬಿತ್ತೆಂದು ತಿಳಿದ ಯಂತ್ರಗಳೆಲ್ಲ ತಾವಾಗಿಯೇ ಆರಿದವು. ಸಂಶೋಧಕರು ಓಡಿ ಬಂದರು.

"ನನ್ನ ಲೆಕ್ಕ ಇನ್ನೇನು ಮುಗಿಯಾಕ ಬಂದಿತ್ತಲ್ರೀ ಯಜಮಾನ್ರ," ಎಂದು ಒಬ್ಬ ಹುಡುಗಿ ನನ್ನ ಮೇಲೆ ಬಂದಳು.

"ಕಾಯಿ ಒಡಿಯೂದೊಂದು ಬಾಕಿ ಇಟ್ರಿ," ಎಂದು ಬಸವರಾಜ ತಲೆ ಹಿಡಿದು ಕೂತರು. ಕಾಯಿ ಚೀಲದಲ್ಲಿದೆ ಎಂದು ನಾನು ಹೇಳಲಿಲ್ಲ.

ಯಂತ್ರಗಳು ಮತ್ತೆ ಎದ್ದಾಗ, ನಡುವೆ ಕೆಟ್ಟು ನಿಂತ ಲೆಕ್ಕಗಳೆಲ್ಲ ಸಾಲಿನ ಬಾಲಕ್ಕೆ ಹೋಗಬೇಕಾಯಿತು. ಕಾಯುತ್ತಿದ್ದವು ಖಾಲಿ ಜಾಗಕ್ಕೆ ನುಗ್ಗಿದವು. ಬಸವರಾಜ ಪರದೆಯನ್ನು ನೋಡಿದರು, ನನ್ನನ್ನೂ ನೋಡಿದರು.

"ನಿಮ್ಮ ತಂಗಿದು ಶುರು ಆತ್ರೀ. ಓಡಾಕತ್ತಿದ್ದನ್ನ ನಡುವ ನಿಲ್ಲಸೂದು ನಮ್ಮ ನಿಯಮದಾಗ ಇಲ್ಲ."

ಜಗಳಕ್ಕೆ ಬಂದ ಹುಡುಗಿಯೇ ಕುರ್ಚಿ ತಂದಿಟ್ಟಳು. "ಗಿರಿಜಕ್ಕಂದೇನ್ರಿ? ಮೊದಲ ಹೇಳಬಾರದ? ಕೂಡ್ರಿ."

ಹೊತ್ತು ಮುಳುಗುವಾಗ ಲೆಕ್ಕ ಮುಗಿಯಿತು. ಉತ್ತರವನ್ನು ಗಿರಿಜಾಳ ಗುರುಗಳ ಖಾತೆಗೆ ಸಾಗಿಸಿದರು. ನಾನು ಮನೆಗೆ ಫೋನ್ ಹಚ್ಚಿದೆ.

"ಮುಗೀತವ್ವಾ."

"ಛಲೋ ಬಂದೈತೇನು?"

ಪರದೆಯ ತುಂಬ ಅಂಕಿಗಳು. ನನಗೆ ಒಂದೂ ತಿಳಿಯಲಿಲ್ಲ.

"ಒಂದ ಎಳಿ ತಪ್ಪಿಲ್ಲ," ಎಂದೆ.

"ಹಂಗಾರ ಬರೂ ಮುಂದ ನೂಲು ತೊಗೊಂಡು ಬಾ."

"ಯಾವ ಬಣ್ಣದ್ದು?" ಎಂದು ಕೇಳಿಬಿಟ್ಟೆ. ನಮ್ಮ ಮನೆಯಲ್ಲಿ ಬಣ್ಣ ಆರಿಸುತ್ತಿದ್ದವಳು ಗಿರಿಜಾ.

ಫೋನಿನಲ್ಲಿ ಅವ್ವ ಮಗ್ಗದ ಧೂಳು ಕೊಡವುವ ಸದ್ದು ಕೇಳಿಸಿತು.

"ನೀನ ನೋಡು," ಅಂದಳು.